ಹೂಂಗುಟ್ಟಿದವನು

ಸಂಧ್ಯೆಯ ಹೊಂಬೆಳಕು ಹಡ್ಸನ್ ನದಿಯ ಮೇಲೆ ಕುಂಕುಮದ ನೀರು ಚೆಲ್ಲಿದಂತೆ ಹರಡಿತ್ತು... ಆಚೆ ದಡದ ಗಗನಚುಂಬಿ ಸೌಧಗಳ ಗಾಜುಗಳಲ್ಲಿ ಅಸ್ತಮಾನದ ಸೂರ್ಯ ನೂರಾಗಿ ಒಡೆದು, ಶರದೃತುವಿನ ಕೆಂಪೆಲೆಗಳು ಗಾಳಿಯಲ್ಲಿ ನಲಿಯುತ್ತಿದ್ದ ಆ ರಮ್ಯ ಘಳಿಗೆಯಲ್ಲಿ, ಸಹೃದಯರೇ, ಈಚೆ ದಡದ ಜರ್ಸಿ ಸಿಟಿಯ ಪುಟ್ಟ ಗ್ಯಾಲರಿಯೊಂದರಲ್ಲಿ ಜಕಿಯಾಳ ಹೃದಯ ಸಂತೋಷದಿಂದ ಕಂಪಿಸುತ್ತಿತ್ತು. ಗೋಡೆಗಳ ತುಂಬ ಅವಳು ಬರೆದ ಚಿತ್ರಗಳು; ಮೇಜಿನ ಮೇಲೆ ಆ ಚಿತ್ರಗಳಿಗೆ ಅನಿರುದ್ಧ್ ಮಾತು ಜೋಡಿಸಿದ ಹೊಸ ಪುಸ್ತಕ. ಚಳಿಗಾಲ ಕಳೆದರೆ ಅವರಿಬ್ಬರ ಮದುವೆ!

ಚಿತ್ರಗಳಲ್ಲಿದ್ದದ್ದು ಒಂದೇ ಕತೆ, ನೆರಳನ್ನು ಹಿಂದೆಯೇ ಬಿಟ್ಟು ಹೊಳೆ ದಾಟಿದ ಹುಡುಗಿಯದು. ಚನ್ನಪಟ್ಟಣದ ನಾನಿ, ಅವಳ ತಾಯಿಯ ತಾಯಿ, ಅರ್ಧ ಉರ್ದುವಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳುತ್ತಿದ್ದ ಕತೆ. ಅಮೆರಿಕದಲ್ಲಿ ಹುಟ್ಟಿದ ಜಕಿಯಾ, ತಾನು ಯಾವ ದಡದವಳೆಂಬ ಪ್ರಶ್ನೆ ಕಾಡಿದಾಗಲೆಲ್ಲ, ಕುಂಚ ಹಿಡಿದು ಹೋಗುತ್ತಿದ್ದದ್ದು ಆ ಹುಡುಗಿಯ ಬಳಿಗೇ. ನಾನಿ ತೀರಿಕೊಂಡ ಮೇಲೆ ಅದನ್ನು ಹೇಳಿದ್ದು ಅನಿರುದ್ಧನೊಬ್ಬನಿಗೇ. ಕೇಳುವವರು ಹೂಂಗುಟ್ಟದಿದ್ದರೆ ಕತೆ ನಿಲ್ಲಬೇಕೆಂಬುದು ನಾನಿಯ ಕಟ್ಟಪ್ಪಣೆ; ಅವನೋ, ಅವಳ ಬಣ್ಣ ಹತ್ತಿದ ಬೆರಳು ಹಿಡಿದು, ಎಷ್ಟು ಅಕ್ಕರೆಯಿಂದ ಹೂಂಗುಟ್ಟಿದ್ದ!

ಸಭೆ ಸೇರಿತು. ಅನಿರುದ್ಧ್ ಮೈಕ್ ಹಿಡಿದ.

"ಇದು ಮೈಸೂರಿನ ನಮ್ಮಜ್ಜಿ ನನಗೆ ಹೇಳಿದ ಕತೆ. ಜಕಿಯಾ ಬ್ಯೂಟಿಫುಲ್ ಆಗಿ ಚಿತ್ರ ಬರೆದುಕೊಟ್ಟಿದ್ದಾಳೆ."

ಅಯ್ಯೋ... ಅದು ನಾನಿಯ ಕತೆಯಲ್ಲವೇ! ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿದ್ದ, ಪರಿಚಯದ ಸಿಂಧು ಆಂಟಿಯಂತೂ ಕಣ್ಣೊರೆಸಿಕೊಂಡರು. ಜಕಿಯಾ ಅವನ ಪಕ್ಕಕ್ಕೆ ಹೋಗಿ ಮೆಲ್ಲನೆ ಕೇಳಿದಳು:

"ನಮ್ಮ ನಾನಿ ಎಲ್ಲಿ ಹೋದರು, ಅನಿರುದ್ಧ್?"

"ಪ್ಲೀಸ್, ಆಮೇಲೆ ಮಾತಾಡೋಣ. ಯಾರ ಅಜ್ಜಿಯಾದರೇನು, ಅಜ್ಜಿ ಅಜ್ಜಿನೇ ಅಲ್ವಾ?" ಎಂದು ಪಿಸುಗುಟ್ಟಿ ಅವನು ಸಭೆಯತ್ತ ತಿರುಗಿ ನಕ್ಕ. "ನಮ್ಮಜ್ಜಿ ಒಂದು ರೂಲ್ ಇಟ್ಟಿದ್ದರು. ಯಾರಾದರೂ ಹೂಂಗುಟ್ಟಬೇಕು, ಇಲ್ಲದಿದ್ದರೆ ಕತೆ ಮುಂದೆ ಹೋಗಲ್ಲ. ಜಕಿಯಾ, ನೀನೇ ಹೂಂ ಅನ್ನು... ಒಂದು ಹೊಳೆಯ ದಡದಲ್ಲಿ ಒಬ್ಬಳು ಹುಡುಗಿ ಇದ್ದಳು."

ಎಲ್ಲರೂ ಅವಳನ್ನೇ ನೋಡಿದರು. ಜಕಿಯಾ ತುಟಿ ಬಿಚ್ಚಲಿಲ್ಲ. ಅವನು ಅದೇ ಸಾಲನ್ನು ಮತ್ತೆ ಹೇಳಿದ, ನಗಲು ನೋಡಿದ, ಹಣೆ ಒರೆಸಿಕೊಂಡ. ಕತೆ ಅಲ್ಲಿಂದ ಒಂದು ಹೆಜ್ಜೆಯೂ ಕದಲಲಿಲ್ಲ! ಅವಳು ಬೆರಳಿನ ಉಂಗುರ ಕಳಚಿ ಪುಸ್ತಕದ ಮೇಲಿಟ್ಟು ಹೊರನಡೆದಳು.

ಹೊರಗೆ ಹೊಳೆಯ ಮೇಲಿನ ಬೆಳಕು ಆರಿತ್ತು. ಕಾರಿನಲ್ಲಿ ಕೂತು, ಬಿಕ್ಕುತ್ತಲೇ, ನಾನಿಯ ಕತೆಯನ್ನು ಮೊದಲಿನಿಂದ ಹೇಳಿಕೊಂಡಳು. ಸಾಲುಸಾಲಿಗೂ ತಾನೇ ಹೂಂಗುಟ್ಟಿಕೊಂಡಳು.

ಮನುಷ್ಯರು ಮನುಷ್ಯರನ್ನು ನಂಬುವುದು ಎಂಥ ಸಣ್ಣ ಸದ್ದಿನಿಂದ, ಸಹೃದಯರೇ! ಪಕ್ಕದಲ್ಲಿ ಯಾರೋ ಒಬ್ಬರು ಮೆಲ್ಲನೆ ಹೂಂ ಎಂದರೆ ಸಾಕು, ಬದುಕಿಡೀ ಮುಚ್ಚಿಟ್ಟಿದ್ದನ್ನು ಅವರ ಮಡಿಲಿಗೆ ಸುರಿದುಬಿಡುತ್ತೇವೆ... ಆ ಮಡಿಲು ನಮ್ಮದಲ್ಲವೆಂದು ತಿಳಿದ ಮೇಲೂ, ಪಾಪ, ಕಿವಿ ಆ ಸದ್ದಿಗೇ ಕಾಯುತ್ತಿರುತ್ತದೆ.