ಹತ್ತು ನಿಮಿಷ ಮುಂದಕ್ಕೆ

ನಾನು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಅಂಥ ಸೊಸೆ ಮನೆ ತುಂಬಿದರೆ ಮಾವನಿಗೆ ಕೇಡಂತೆ. ವಿವೇಕನೊಂದಿಗೆ ನನ್ನ ಮದುವೆಯ ಮಾತು ಎದ್ದಿದ್ದೇ ತಡ, ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿದಳು.

“ಹಂಸಾ, ಜೋಯಿಸರು ನಿನ್ನ ಜಾತಕದಲ್ಲಿ ಹುಟ್ಟಿದ ಟೈಮನ್ನ ಹತ್ತು ನಿಮಿಷ ಮುಂದಕ್ಕೆ ಹಾಕ್ತಾರಂತೆ ಕಣೆ. ಪೂರ್ವಾಷಾಢ ಆಗತ್ತೆ. ವಿವೇಕನ ಮನೆಗೆ ಅದನ್ನೇ ಕಳಿಸ್ತೀನಿ.”

ಜಪಾನಿನ ಇಚಿಕಾವಾ ಊರಿನ ನನ್ನ ಕೋಣೆಯ ಗೋಡೆಯ ತುಂಬ ಮೆಕ್ಸಿಕೋದ ಹಳೆಯ ಅಜ್ಟೆಕ್ ಪಂಚಾಂಗದ ಇಪ್ಪತ್ತು ದಿನಚಿಹ್ನೆಗಳಿವೆ. ಮೊಸಳೆ, ಗಾಳಿ, ಸಾವು, ಹೂವು. ನನ್ನ ಪಿಎಚ್‌ಡಿ ಅದರ ಮೇಲೆಯೇ.

“ಅಜ್ಟೆಕ್ ಜನಾನೂ ಹೀಗೇ ಮಾಡ್ತಿದ್ರಮ್ಮ. ಮಗು ಕೆಟ್ಟ ದಿನ ಹುಟ್ಟಿದ್ರೆ ನಾಮಕರಣಾನ ಒಳ್ಳೇ ದಿನಕ್ಕೆ ತಳ್ಳೋರು. ಪಂಚಾಂಗ ಓದೋವಾಗೆಲ್ಲ ಆ ಮಕ್ಕಳು ಏನು ತಪ್ಪು ಮಾಡಿದ್ವು ಅಂತ ಸಿಟ್ಟು ಬರತ್ತೆ.”

“ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

“ಈ ದೇಶದಲ್ಲಿ ದಿನಕ್ಕೆ ನೂರು ಸಲ ಸುಮಿಮಾಸೆನ್, ಕ್ಷಮಿಸಿ ಅಂತೀನಿ. ಹುಟ್ಟಿದ್ದಕ್ಕೆ ಮಾತ್ರ ಅನ್ನಲ್ಲ.”

ಕಾಲ್ ಕಟ್ ಮಾಡಿ, ನೇರವಾಗಿ ವಿವೇಕನ ತಂದೆಗೇ ಫೋನ್ ಹಚ್ಚಿದೆ.

“ಅಂಕಲ್, ನಂದು ಮೂಲಾ ನಕ್ಷತ್ರ. ಭಯ ಆದ್ರೆ ಈಗಲೇ ಹೇಳಿಬಿಡಿ. ನಾನಂತೂ ನಕ್ಷತ್ರ ಬದಲಾಯಿಸಲ್ಲ.”