ಹೂಂ ಅನ್ನುವವರ ಪಾಳಿ

ನಾನೊಂದು ವ್ಯಾಸಪೀಠ. ಪುರಾಣದ ಪುಸ್ತಕ ನೆಲಕ್ಕೆ ತಾಗದಂತೆ ಮಡಿಲಲ್ಲಿ ಹೊತ್ತು ಕೂರುವ ಮರದ ಪೀಠ. ಹುಟ್ಟಿದ್ದು ಇಳಕಲ್ಲಿನ ಒಂದು ಓಣಿಯಲ್ಲಿ, ಬಡಿಗೇರ ಮೌನೇಶಪ್ಪನ ಕೈಯಲ್ಲಿ. ಒಂದೇ ಸಾಗವಾನಿ ಹಲಗೆಯನ್ನು ಸೀಳಿ, ನಡುವೆ ಹಲ್ಲು ಕೊರೆದು, ಎರಡು ಪಾಲೂ ಒಂದನ್ನೊಂದು ಹಿಡಿದುಕೊಂಡೇ ತೆರೆದುಕೊಳ್ಳುವಂತೆ ಮಾಡಿದ. ಮೊಳೆ ಒಂದೂ ಇಲ್ಲ. "ಇವನ್ನ ಬ್ಯಾರೆ ಮಾಡಬೇಕಂದ್ರ ಮುರೀಬೇಕಷ್ಟ," ಎಂದು ಬೆನ್ನು ತಟ್ಟಿ ಕಳಿಸಿದ. ಆ ಜಂಬ ನನಗೆ ಇನ್ನೂ ಇದೆ.

ನನ್ನನ್ನು ಮನೆಗೆ ತಂದವಳು ಈರವ್ವ. ಮಧ್ಯಾಹ್ನದ ರೊಟ್ಟಿ ಕೆಲಸ ಮುಗಿದ ಮೇಲೆ ಓಣಿಯ ಹೆಂಗಸರು ಅವಳ ಪಡಸಾಲೆಯಲ್ಲಿ ಕೂರುತ್ತಿದ್ದರು. ಈರವ್ವ ನನ್ನ ಮೇಲೆ ಪುರಾಣ ಬಿಡಿಸಿ ಓದುತ್ತಿದ್ದಳು. ಆದರೆ ಅಲ್ಲೊಂದು ಕಟ್ಟಳೆ ಇತ್ತು. ದಿನಕ್ಕೊಬ್ಬಳ ಮೇಲೆ ಹೂಂ ಅನ್ನುವ ಪಾಳಿ. ಅವಳು ಹೂಂ ಅನ್ನದಿದ್ದರೆ ಈರವ್ವನ ಬೆರಳು ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ರಾಜಕುಮಾರ ಹಾವಿನ ಹುತ್ತಕ್ಕೆ ಕೈ ಹಾಕಿದ್ದರೂ ಸರಿ, ಹೂಂ ಬರುವ ತನಕ ಪಾಪ ಕೈ ಹಾಕಿಕೊಂಡೇ ನಿಲ್ಲಬೇಕು!

ವರ್ಷಗಳು ಉರುಳಿದವು. ಈರವ್ವನ ಕಣ್ಣಿಗೆ ಪೊರೆ ಬಂತು, ಅಕ್ಷರ ಕಾಣದಾದವು. ಪುಸ್ತಕ ಬಟ್ಟೆಯ ಗಂಟಿಗೆ ಹೋಯಿತು, ನಾನು ಗೋಡೆಯ ಗೂಡಿಗೆ ಹೋದೆ.

ಮತ್ತೆ ನನ್ನ ಧೂಳು ಒರೆಸಿದವಳು ಅವಳ ಸೊಸೆ ವಿಶಾಲಾಕ್ಷಿ. ಐದನೇ ಇಯತ್ತೆಗೆ ಪಾಠ ಹೇಳುವ ಅಕ್ಕೋರು. ಊರಿಗೆಲ್ಲ ರೋಗ ಬಂದು ಶಾಲೆಗೆ ಬೀಗ ಬಿದ್ದಿತ್ತು. ಅಕ್ಕೋರು ನನ್ನನ್ನು ಮೇಜಿನ ಮೇಲೆ ತೆರೆದಿಟ್ಟು, ಮಡಿಲಿಗೆ ಮೊಬೈಲ್ ಇಟ್ಟಳು. ಪುರಾಣ ಹೊತ್ತವನಿಗೆ ಅಂಗೈಯಗಲದ ಗಾಜು! ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಆ ಗಾಜಿನೊಳಗೆ ಮಕ್ಕಳು ಒಬ್ಬೊಬ್ಬರೇ ಮೂಡಿದಾಗ ಸಿಟ್ಟು ಇಳಿಯಿತು. ಒಬ್ಬನ ಹಣೆ ಮಾತ್ರ, ಇನ್ನೊಬ್ಬಳ ಮನೆಯ ಫ್ಯಾನು ಮಾತ್ರ ಕಾಣುತ್ತಿತ್ತು.

ಮೊದಲ ದಿನವೇ ಎಲ್ಲಿಂದಲೋ ಖಟ್ ಖಟಲ್ ಎಂದು ಜೋರು ಸಪ್ಪಳ. ಅಕ್ಕೋರಿಗೆ ತನ್ನ ಮಾತು ತನಗೇ ಕೇಳಿಸಲಿಲ್ಲ. "ಯಾರ ಮನ್ಯಾಗ ಅದು ಗದ್ದಲ? ಎಲ್ಲಾರೂ ಮೈಕ್ ಬಂದ್ ಮಾಡ್ರಿ!" ಎಂದು ಗದರಿದಳು. ಗಕ್ಕನೆ ಎಲ್ಲ ನಿಂತಿತು. ಅವಳಿಗೆ ಹಾಯೆನಿಸಿತು.

ಆ ನೆಮ್ಮದಿ ಬಹಳ ದಿನ ಇರಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರವಿಲ್ಲ, ತಮಾಷೆ ಮಾಡಿದರೆ ನಗುವಿಲ್ಲ. ಬಾವಿಗೆ ಇಣುಕಿ ಮಾತಾಡಿದಂತೆ ಅವಳು ದಿನವೂ ಮಾತಾಡಿ ಮುಗಿಸುತ್ತಿದ್ದಳು. ಅವಳನ್ನು ಹೆಚ್ಚು ಸುಟ್ಟದ್ದು ಬನಶಂಕರಿಯ ಮೌನ. ನೇಕಾರ ಪರಪ್ಪನ ಮಗಳು ಬನಶಂಕರಿ ತರಗತಿಯಲ್ಲಿ ಪಟಪಟ ಮಾತಾಡುವ ಹುಡುಗಿ. ಈಗ ಪರದೆಯ ಮೇಲೆ ಬರೀ ಹೆಸರು.

ಒಂದು ಸಂಜೆ ಪರಪ್ಪನ ಫೋನು ಬಂತು. ಅಕ್ಕೋರು ರೊಟ್ಟಿ ಹಿಟ್ಟಿನ ಕೈಯಲ್ಲಿ ಸ್ಪೀಕರ್ ಒತ್ತಿ ಮೊಬೈಲನ್ನು ನನ್ನ ಮೇಲಿಟ್ಟಳು.

"ಅಕ್ಕೋರ, ನಮ್ಮ ಹುಡುಗಿಗೆ ಈ ಮೊಬೈಲ್ ಸಾಲಿ ತಲಿಗೆ ಹತ್ತವಲ್ದ್ರಿ. ಬಾಯೇ ಬಿಡೂದಿಲ್ಲ. ಸೋಮವಾರದಿಂದ ಮನ್ಯಾಗ ನೂಲಿನ ಕಂಡಿಕಿ ಸುತ್ಲಿ ಬಿಡ್ರಿ. ಸಾಲಿ ಸಾಕು."

ಅವನ ಮಾತಿನ ಹಿಂದೆ ಅದೇ ಸಪ್ಪಳ, ಖಟ್ ಖಟಲ್. ಅದು ಮಗ್ಗದ ಸದ್ದು. ಅಕ್ಕೋರ ಮುಖ ಬಿಳಿಚಿತು. ಮನೆಯಲ್ಲಿ ಮಗ್ಗ ನಿಲ್ಲುವಂತಿಲ್ಲ, ಅಕ್ಕೋರು ಗದ್ದಲ ಬೇಡವೆಂದಿದ್ದಾಳೆ. ಹುಡುಗಿ ಬಾಯಿ ಬಿಡುವುದು ಹೇಗೆ?

"ನಾಳೆ ಒಂದಿನ ಮೊಬೈಲ್ ಮುಂದ ಕೂಡಸ್ರಿ ಅಣ್ಣಾರ," ಎಂದು ಬೇಡಿಕೊಂಡಳು.

ಹೊರಸಿನ ಮೇಲೆ ಮಲಗಿದ್ದ ಈರವ್ವನಿಗೆ ಕಣ್ಣು ಮಂಜಾದರೂ ಕಿವಿ ಚುರುಕು. "ಹೂಂ ಅನ್ನೋರ ಬಾಯಿ ಮುಚ್ಚಿಸಿ ಯಾರಿಗೆ ಕಥಿ ಹೇಳಾಕತ್ತೀ ವಿಶಾಲಾ?" ಎಂದಳು. ಅಕ್ಕೋರು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಮರುದಿನ ಅವಳು ಪುಸ್ತಕ ತೆರೆಯಲೇ ಇಲ್ಲ. "ಎಲ್ಲಾರೂ ಮೈಕ್ ಹಚ್ಚ್ರಿ. ನಿಮ್ಮ ಮನಿ ಸಪ್ಪಳ ಕೇಳಸ್ರಿ, ಯಾರ ಮನಿ ಅಂತ ಉಳಿದೋರು ಹೇಳ್ಬೇಕು," ಎಂದಳು. ಒಬ್ಬರ ಮನೆಯಲ್ಲಿ ಕುಕ್ಕರು ಕೂಗಿತು. ಮತ್ತೊಂದರಲ್ಲಿ ಆಡು ಅರಚಿತು. ಹೊಲಿಗೆ ಯಂತ್ರದ ಸದ್ದಿಗೆ, "ರಾಜೇಸಾಬನ ಮನಿ!" ಎಂದು ಎಲ್ಲರೂ ಒಟ್ಟಿಗೆ ಕಿರುಚಿದರು. ಈರವ್ವ ಕೆಮ್ಮಿದಾಗ, "ಅಕ್ಕೋರ ಮನಿ!" ಎಂದು ನಕ್ಕರು. ಎಷ್ಟು ದಿನವಾಗಿತ್ತು ಆ ನಗು ಕೇಳಿ!

ಕೊನೆಗೆ ಅಳುಕುತ್ತ ಒಂದು ಮೈಕು ತೆರೆಯಿತು. ಖಟ್ ಖಟಲ್.

"ಬನಶಂಕರಿ," ಅಕ್ಕೋರು ಗಾಜಿನತ್ತ ಬಗ್ಗಿದಳು. "ಅವತ್ತ ಗದ್ದಲ ಅಂದ್ನಲ್ಲವ್ವಾ, ನಂದು ತಪ್ಪಾತು. ನಾ ಉಟ್ಟ ಸೀರೀನೂ ಇಂಥಾ ಮಗ್ಗದ್ದ. ಮಗ್ಗ ನಡೀಲಿ. ಇವತ್ತೊಂದು ಕಥಿ ಹೇಳ್ತೀನಿ, ಹೂಂ ಅನ್ನೋ ಪಾಳಿ ನಿಂದು. ನೀ ಅನ್ನೋತನಕ ನಾ ಮುಂದ ಹೋಗೂದಿಲ್ಲ."

ಹುತ್ತಕ್ಕೆ ಕೈ ಹಾಕಿದ ಅದೇ ರಾಜಕುಮಾರನ ಕಥೆ. ಒಂದು ಸಾಲು ಹೇಳಿ ಅಕ್ಕೋರು ನಿಲ್ಲಿಸಿದಳು. ಖಟ್ ಖಟಲ್. ನಾನು ಉಸಿರು ಬಿಗಿಹಿಡಿದೆ. ಮಗ್ಗದ ನಡುವಿನಿಂದ ಒಂದು ಸಣ್ಣ ದನಿ ಬಂತು: "ಹೂಂ."

ಎರಡನೆಯ ಹೂಂ ಗಟ್ಟಿಯಾಗಿತ್ತು. ಮೂರನೆಯದರ ಹೊತ್ತಿಗೆ, "ಒಳಗ ಹಾವೈತೇನ್ರಿ?" ಎಂಬ ಪ್ರಶ್ನೆಯೂ ಬಂತು. ರಾಜಕುಮಾರನ ಕೈ ಹುತ್ತದೊಳಗಿರುವಾಗಲೇ ಗಂಟೆ ಮುಗಿಯಿತು. "ಉಳಿದದ್ದು ಸೋಮವಾರ," ಎಂದಳು ಅಕ್ಕೋರು. ಆಗ ಮಗ್ಗ ನಿಂತುಹೋಗಿರುವುದು ಎಲ್ಲರಿಗೂ ಗೊತ್ತಾಯಿತು. ಯಾಕೆಂದರೆ ಆ ಮೌನದಲ್ಲಿ ಪರಪ್ಪನ ದನಿ ಕೇಳಿತು: "ಸೋಮವಾರ ತನಾ ಹೆಂಗ ತಡೀಲ್ರಿ ಅಕ್ಕೋರ? ಹಾವು ಕಡೀತೋ ಇಲ್ಲೋ, ಅಷ್ಟರ ಹೇಳ್ರಿ!"

ಅಕ್ಕೋರು ಹೇಳಲಿಲ್ಲ. ಸೋಮವಾರ ಬನಶಂಕರಿ ಎಲ್ಲರಿಗಿಂತ ಮೊದಲು ಬಂದಳು.

ಈಗ ಶಾಲೆ ತೆರೆದು ಎಷ್ಟೋ ಕಾಲವಾಗಿದೆ. ನಾನು ಮುದುಕನಾದೆ. ಹಲ್ಲು ಸಡಿಲಾಗಿ ಒಂದು ಕಾಲು ಸೀಳಿದೆ. ಆದರೂ ರವಿವಾರ ನನಗೆ ಕೆಲಸ ಇದೆ. ಬನಶಂಕರಿ ಬಂದು ಗಂಟು ಬಿಚ್ಚಿ ಪುರಾಣ ಓದುತ್ತಾಳೆ. ಹೂಂ ಅನ್ನುವ ಪಾಳಿ ಈಗ ಈರವ್ವನದು.

ಮೊನ್ನೆ ಒಂದು ಸಾಲಿಗೆ ಹೂಂ ಬರಲಿಲ್ಲ. ಈರವ್ವ ಗೋಡೆಗೊರಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಹುಡುಗಿ ಬೆರಳು ಅಲ್ಲೇ ಇಟ್ಟು ಕಾದಳು. ಎಬ್ಬಿಸಲಿಲ್ಲ, ಮುಂದೆಯೂ ಓದಲಿಲ್ಲ. ಜೀವಮಾನವೆಲ್ಲ ಕೇಳಿದ್ದೇನೆ, ನಾನೆಂದೂ ಹೂಂ ಅಂದವನಲ್ಲ. ಅಷ್ಟರಲ್ಲಿ ಪುಸ್ತಕದ ಭಾರಕ್ಕೆ ನನ್ನ ಸಡಿಲ ಹಲ್ಲು ಕಿರ್ರ್ ಎಂದಿತು.

ಬನಶಂಕರಿ ಬಗ್ಗಿ ನನ್ನನ್ನು ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ದನಿ ತಗ್ಗಿಸಿ, ಮುಂದಿನ ಸಾಲು ಓದಿದಳು.