ಮಂಗಳ ಬಾಕಿ ಉಳಿದ ಸ್ಟೇಶನ್

"ಏ... ಈ ಸಿಗ್ನಲ್ ಕೈ ಯಾರ ಇಳಿಸ್ಯಾರ?"

ಹೊಳಬಸಪ್ಪ ಕೇಳಿದ್ದು ಯಾರನ್ನೂ ಅಲ್ಲ. ಹಳಿಯ ಬದಿಗೆ ಅವನ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ಪುಣೆ ಹತ್ತಿರದ, ರೈಲು ಮರೆತುಬಿಟ್ಟ ಬೋರಖಿಂಡ ಸ್ಟೇಶನ್ನಿನಲ್ಲಿ, ಅವನು ಪುಣೆಗೆ ಬಂದಾಗಿನಿಂದ ಅಡ್ಡಕ್ಕೆ ಚಾಚಿ ತುಕ್ಕು ಹಿಡಿದಿದ್ದ ಕೈ ಇಂದು ಬಾಗಿತ್ತು. ಬಾಗಿತೆಂದರೆ ಗಾಡಿ ಬರುತ್ತದೆ! ಧೋತರ ಎತ್ತಿ ಹಿಡಿದು ಓಡಿದ.

ಪ್ಲಾಟ್‌ಫಾರ್ಮಿನ ಬೇವಿನ ಕೆಳಗೆ ತೊಂಬತ್ತೇಳನೇ ಇಸವಿಯ ಶ್ರಾವಣ ಸೋಮವಾರದ ಭಜನೆ ನಡೆದಿತ್ತು.

"ದೊಡ್ಡವ್ವಾ, ಸಿಗ್ನಲ್ ಬಿದ್ದದ!"

"ಗಾಳಿಗಿ ಬಿದ್ದಿರಬೇಕ್ರಿ," ಎಂದಳು ಹೆಂಡತಿ ರೇಣು. "ಟಿಕೀಟ ತಗೊಂಡವ್ರಂಗ ಓಡಿ ಬರಾಕತ್ತೀರಲ್ಲ!"

ಎಲ್ಲರೂ ನಕ್ಕರು. ದೊಡ್ಡವ್ವ ಶಿವಗಂಗವ್ವ ಮಾತ್ರ ತಾಳ ನಿಲ್ಲಿಸಿ ಅತ್ತ ನೋಡಿದಳು.

ಒಂದು ಕಾಲಕ್ಕೆ ಇಲ್ಲಿನ ಗಾಣಗಳಿಂದ ಬೆಲ್ಲ ಕೊಳ್ಳಲು ಪುಣೆಯ ಮಾರ್ಕೆಟ್ ಯಾರ್ಡಿನ ಕನ್ನಡ ವ್ಯಾಪಾರಿಗಳು ಹೆಂಡಿರ ಸಮೇತ ಬರುತ್ತಿದ್ದರು. ಸಂಜೆಯ ಪ್ಯಾಸೆಂಜರ್ ಎಂದೂ ಹೊತ್ತಿಗೆ ಬಂದದ್ದಲ್ಲ. ಕಾಯುತ್ತ ಹಾಡಿದ್ದೇ ಭಜನೆಯಾಯಿತು. ಸಿಗ್ನಲ್ ಬಿದ್ದೊಡನೆ ಶಿವಗಂಗವ್ವ ತಾನೇ ಕಟ್ಟಿದ ಮಂಗಳದ ಹಾಡು ಎತ್ತಿಕೊಳ್ಳಬೇಕು, ಗಾಡಿ ನಿಲ್ಲುವಷ್ಟರಲ್ಲಿ ಮುಗಿಸಬೇಕು, ಹತ್ತಬೇಕು. ಹೊಸ ಹಳಿ ಗುಡ್ಡದಾಚೆ ಹಾಯ್ದ ದಿನ, ಗಾಡಿ ಇನ್ನು ಅತ್ತಲೇ ಹೋಗುತ್ತದೆಂದು ಇವರಿಗೆ ಯಾರೂ ಹೇಳಲಿಲ್ಲ. ಹಾಡಿದರು, ಕಾದರು, ಮತ್ತೆ ಹಾಡಿದರು. ಗಾಡಿ ಬಾರದೆ ಮಂಗಳ ಹೇಗೆ? ಹಾಗೇ ಎದ್ದು ಡಾಂಬರು ರಸ್ತೆಗೆ ನಡೆದರು. ಅಂದಿನಿಂದ ವರ್ಷಕ್ಕೊಮ್ಮೆ ಟೆಂಪೋ ಮಾಡಿಕೊಂಡು ಬಂದು ಹಾಡುತ್ತಾರೆ, ಮಂಗಳವಿಲ್ಲದೆ ಏಳುತ್ತಾರೆ. ಆಮೇಲೆ ಅವರಲ್ಲೊಬ್ಬರ ಅಂಗಡಿ ಸೇರಿದ ಹೊಳಬಸಪ್ಪ ದೊಡ್ಡವ್ವನ ಎಲ್ಲ ಹಾಡುಗಳನ್ನೂ ಕೇಳಿ ಕೇಳಿ ಎದೆಗಿಳಿಸಿಕೊಂಡವನು, ಅದೊಂದನ್ನು ಬಿಟ್ಟು. ಅದಕ್ಕೇ ಆಸೆಪಟ್ಟು ಒಂದು ವರ್ಷವೂ ತಪ್ಪಿಸಿರಲಿಲ್ಲ.

ಗುಡ್ಡದ ತಿರುವಿನಲ್ಲಿ ಹಾರ್ನ್ ಕೂಗಿತು.

"ಗಾಡೀ! ಖರೇನ ಗಾಡೀ!"

ಹೊಳಬಸಪ್ಪ ಕೂಗಿಕೊಂಡ. ಭಜನೆಯಲ್ಲಿ ಕೂತಿದ್ದ ಶಂಕ್ರೆಪ್ಪ ಕಾಕಾ ಕೈಚೀಲ ಹಿಡಿದು ಎದ್ದೇಬಿಟ್ಟ.

"ಎಲ್ಲಿಗೆ ಹೊಂಟೀರಿ ಕಾಕಾ?" ಎಂದಳು ರೇಣು.

"ಯಾರಿಗ್ಗೊತ್ತ! ಗಾಡಿ ಬಂದದ, ಹತ್ತಬೇಕಲ್ಲ!"

ಹುಲ್ಲು ಸೀಳಿಕೊಂಡು ಡೀಸೆಲ್ ಎಂಜಿನ್ ಬಂತು. ಹಿಂದೆ ಎರಡು ತೆರೆದ ವ್ಯಾಗನ್ನು. ಅವುಗಳಲ್ಲಿ ಹಾರೆ, ಗ್ಯಾಸ್ ಸಿಲಿಂಡರು, ಕೂಲಿಯವರು. ರೇಣು ಮುಂದೆ ಹೋಗಿ ಮರಾಠಿಯಲ್ಲಿ ಕೇಳಿಕೊಂಡು ಬಂದಳು.

"ಹಳಿ ಕಿತ್ತು ಒಯ್ಯಾಕ ಬಂದಾರಂತ್ರಿ. ಸಿಗ್ನಲ್ ನಿನ್ನೇನ ಬಿಚ್ಚಾಕ ಹತ್ತಿದ್ರಂತ, ಅದಕ್ಕ ಕೈ ಬಿದ್ದದ."

ಶಂಕ್ರೆಪ್ಪ ಚೀಲ ಕೆಳಗಿಟ್ಟ. ಹೊಳಬಸಪ್ಪ ಮಾತ್ರ ದೊಡ್ಡವ್ವನ ಮುಂದೆ ಮಂಡಿಯೂರಿದ.

"ಯಾತಕ್ಕರ ಬರ್ಲಿ, ಗಾಡಿ ಬಂದದಲ್ಲ ದೊಡ್ಡವ್ವ! ಮುಂದಿನ ವರ್ಷ ಹಳಿನೂ ಇರಾಂಗಿಲ್ಲ. ಮಂಗಳ ಹಾಡ. ನಿನ್ನ ಕಾಲ ಬೀಳ್ತೀನಿ, ನಾ ಒಮ್ಮಿನೂ ಕೇಳಿಲ್ಲ."

ಶಿವಗಂಗವ್ವ ಎಂಜಿನ್ನನ್ನು ತುದಿಯಿಂದ ತುದಿಗೆ ನೋಡಿದಳು.

"ಇದು ನಮ್ಮನ್ನ ಕರಕೊಂಡ ಹೋಗಾಕ ಬಂದದೇನೋ?" ಎಂದು ತಾಳ ಸೆರಗಿಗೆ ಕಟ್ಟಿಕೊಂಡಳು. "ಒಲ್ಲೆ. ನಾ ಹಾಡಂಗಿಲ್ಲ."